ಹಳೆಯ ಟಕುಮಾರ್ ಲೆನ್ಸಿನಲ್ಲಿ ದೂರದ ದೀಪಗಳು ಮಸುಕು: ತಪ್ಪು ಅಡಾಪ್ಟರಿನದೋ, ಲೆನ್ಸಿನದೋ?

ಮಾಟುಂಗವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದ ಕಾಲದಲ್ಲಿ, ಹಡಗಿನ ನೌಕರಿಯಲ್ಲಿದ್ದ ಗಿರಾಕಿಯೊಬ್ಬರಿಂದ ಕಂತಿನ ಮೇಲೆ ಕೊಂಡಿದ್ದ ಪೆಂಟಾಕ್ಸ್ ಕ್ಯಾಮೆರಾ ಹದಿನೈದು ವರ್ಷಗಳಿಂದ ತನ್ನ ಚರ್ಮದ ಚೀಲದಲ್ಲಿಯೇ ಕಪಾಟು ಸೇರಿತ್ತು. ಅದರ ಶಟರ್ ಕೆಟ್ಟಿದೆ. ಸೂಪರ್ ಟಕುಮಾರ್ 50 ಎಂಎಂ ಎಫ್ 1.4 ಲೆನ್ಸನ್ನಾದರೂ ಉಳಿಸಿಕೊಳ್ಳೋಣವೆಂದು ರಿಪೇರಿಯವರೊಬ್ಬರಲ್ಲಿ ಫಂಗಸ್ ತೆಗೆಸಿ, ಎಂ42 ಎಂಬ ಹಳೆಯ ತಿರುಪಿನ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂಡಿಸುವ ಅಡಾಪ್ಟರ್ ತರಿಸಿ, ನನ್ನ ಸೋನಿ ಎ6400ಕ್ಕೆ ಹಾಕಿದ್ದೇನೆ. ಮೊದಲು ಶಟರ್ ಒತ್ತಿದರೂ ಕ್ಯಾಮೆರಾ ಮಿಸುಕಲಿಲ್ಲ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಒಪ್ಪಿಕೊಂಡ ಮೇಲೆ ಆ ತೊಡಕು ಕಳೆಯಿತು.

ಉಳಿದಿರುವುದು ದೊಡ್ಡ ತೊಡಕು. ಕಳೆದ ಭಾನುವಾರ ಸಂಜೆ ನರಿಮನ್ ಪಾಯಿಂಟಿನಲ್ಲಿ ನಿಂತು ಫೋಕಸ್ ಉಂಗುರವನ್ನು ಅನಂತದ ಗುರುತಿನವರೆಗೆ ತಿರುಗಿಸಿದರೂ, ಆಚೆ ದಡದ ಮಲಬಾರ್ ಹಿಲ್ಲಿನ ದೀಪಗಳು ಬೂಂದಿಕಾಳಿನಂತೆ ಉಬ್ಬಿಕೊಂಡೇ ಇದ್ದವು. ಅದೇ ಸ್ಥಿತಿಯಲ್ಲಿ, ಸುಮಾರು ಹತ್ತು ಮೀಟರ್ ಆಚೆ ಕಟ್ಟೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದವರ ಮುಖ ಮಾತ್ರ ಕಡೆದಿಟ್ಟ ಹಾಗೆ ಸ್ಪಷ್ಟ. ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಅಪರ್ಚರ್ ಉಂಗುರವನ್ನು 8ಕ್ಕೆ ತಂದು ಕಿರಿದಾಗಿಸಿದರೂ ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ. ಸಾಲದ್ದಕ್ಕೆ, ಎಲ್ಲವೂ ಚಹಾ ಬಣ್ಣಕ್ಕೆ ತಿರುಗಿವೆ. ಅಡಾಪ್ಟರನ್ನು ಹಿಂದಿರುಗಿಸಲು ಇನ್ನು ನಾಲ್ಕೇ ದಿನಗಳಿವೆ. ಹಿಂದಿರುಗಿಸಲೇ?

ಕೋಥ್ರೂಡ್ ಕನ್ನಡಿಗ:

ಅವಸರ ಬೇಡ. ನಿಮ್ಮ ಅಡಾಪ್ಟರ್ ಗಾಜಿಲ್ಲದ ಬರಿಯ ಕೊಳವೆ. ಅದರ ಗುಣವೆಲ್ಲ ಅದರ ಉದ್ದದಲ್ಲಿದೆ. ಎಂ42 ತಿರುಪಿನ ಲೆನ್ಸುಗಳು ಏಳುವ ಕನ್ನಡಿಗೆ ಜಾಗ ಬಿಡಬೇಕಿದ್ದ ಕ್ಯಾಮೆರಾಗಳಿಗಾಗಿ ಹುಟ್ಟಿದವಾದ್ದರಿಂದ, ಲೆನ್ಸ್ ಕೂರುವ ಅಂಚಿನಿಂದ ಫಿಲ್ಮಿನವರೆಗೆ 45.46 ಮಿಲಿಮೀಟರ್ ಅಂತರವನ್ನು ಬಯಸುತ್ತವೆ. ಕನ್ನಡಿಯೇ ಇಲ್ಲದ ನಿಮ್ಮ ಸೋನಿಯ ಇ ಮೌಂಟಿನಲ್ಲಿ, ಅಂದರೆ ಲೆನ್ಸ್ ಕೂರುವ ಬಾಯಿಯಲ್ಲಿ, ಆ ಅಂತರ 18 ಮಿಲಿಮೀಟರ್ ಮಾತ್ರ. ಉಳಿದ 27.46 ಮಿಲಿಮೀಟರನ್ನು ಕೊಳವೆ ತುಂಬಿಕೊಡಬೇಕು. ಕಡಿಮೆಯಾದರೆ ಉಂಗುರ ಅನಂತವನ್ನು ದಾಟಿ ಮುಂದೆ ಹೋಗುತ್ತದೆ, ಅದರಿಂದ ಕೆಲಸವೇನೂ ಕೆಡುವುದಿಲ್ಲ; ಹೆಚ್ಚಾದರೆ ನಿಮಗಾದಂತೆ ದೂರದ್ದು ಕೈಗೆ ಸಿಗುವುದೇ ಇಲ್ಲ.

ನೀವು ಹೇಳಿದ ಹತ್ತು ಮೀಟರ್ ಬಹಳ ಉಪಯುಕ್ತ ಮಾಹಿತಿ. ಫೋಕಲ್ ಲೆಂತಿನ, ಅಂದರೆ ನಿಮ್ಮ ಲೆನ್ಸಿನ 50 ಎಂಎಂನ, ವರ್ಗವನ್ನು ದೂರದಿಂದ ಭಾಗಿಸಿದರೆ, ಲೆನ್ಸ್ ಇರಬೇಕಾದ ಜಾಗಕ್ಕಿಂತ ಎಷ್ಟು ಮುಂದಿದೆ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ. 50ರ ವರ್ಗ 2500, ಹತ್ತು ಮೀಟರ್ ಎಂದರೆ 10,000 ಮಿಲಿಮೀಟರ್, ಉತ್ತರ 0.25. ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ತಪ್ಪು! ಅಗ್ಗದ ಅಡಾಪ್ಟರುಗಳನ್ನು ಮಾಡುವವರು ಬೈಗುಳ ತಪ್ಪಿಸಿಕೊಳ್ಳಲು ಬೇಕೆಂದೇ ತುಸು ಗಿಡ್ಡವಾಗಿ ಮಾಡುವುದು ವಾಡಿಕೆ, ಇಷ್ಟು ಉದ್ದವಾಗಿ ಮಾಡುವುದು ಅಪರೂಪ. ಆದ್ದರಿಂದ ನನಗೆ ಅನುಮಾನ ನಿಮ್ಮ ರಿಪೇರಿಯವರ ಮೇಲೆ. ಬಿಚ್ಚಿದ ಲೆನ್ಸನ್ನು ಮತ್ತೆ ಜೋಡಿಸುವಾಗ ಫೋಕಸ್ ಉಂಗುರ ಹಳೆಯ ಜಾಗದಲ್ಲಿ ಕೂರದಿದ್ದರೆ ಹೀಗೆಯೇ ಆಗುತ್ತದೆ. ನನ್ನದೊಂದು ಲೆನ್ಸನ್ನು ಪುಣೆಯಲ್ಲಿ ಒಬ್ಬರು ಇದೇ ರೀತಿ ಹಾಳುಮಾಡಿ, ಗೀರು ಬೇರೆ ಹಾಕಿ ಕೊಟ್ಟಿದ್ದರು. ಅದೇ ಅಡಾಪ್ಟರಿಗೆ ಬೇರೊಂದು ಎಂ42 ಲೆನ್ಸ್ ಹಾಕಿ ನೋಡಿ. ಯಾವುದೂ ಸಿಗದಿದ್ದರೆ ಲೇತ್ ಅಂಗಡಿಯವರ ವರ್ನಿಯರಿನಲ್ಲಿ ಕೊಳವೆಯ ಎರಡೂ ಅಂಚುಗಳ ನಡುವಣ ಉದ್ದವನ್ನು ಅಳೆಯಿಸಿ.

ಅಪರ್ಚರಿನ ವಿಷಯ ಸುಲಭ. ಲೆನ್ಸಿನ ಬುಡದಲ್ಲಿ ಆಟೋ, ಮ್ಯಾನ್ಯುಯಲ್ ಎಂಬ ಸಣ್ಣ ಗುಂಡಿಯಿದೆ. ಅದನ್ನು ಮ್ಯಾನ್ಯುಯಲ್‌ಗೆ ಸರಿಸಿ. ಆಟೋದಲ್ಲಿ ಇದ್ದಾಗ, ಹಿಂಬದಿಯ ಪಿನ್ನನ್ನು ಯಾರಾದರೂ ಒತ್ತುವವರೆಗೂ ಅಪರ್ಚರಿನ ಕಿಂಡಿಯನ್ನು ಕಿರಿದುಮಾಡುವ ಲೋಹದ ಎಲೆಗಳು ಮುಚ್ಚುವುದಿಲ್ಲ.

ಡೊಂಬಿವಲಿ ಲೋಕಲ್:

ಬೇರೆ ಲೆನ್ಸ್ ನನ್ನಲ್ಲಿದೆ: ಹೀಲಿಯೋಸ್ 44-2, 58 ಎಂಎಂ ಎಫ್ 2, ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ ಲೆನ್ಸಿನ ಸೋವಿಯೆತ್ ಸಂತಾನ. ಶನಿವಾರ ಮಾಹಿಮಿನ ಕರ್ನಾಟಕ ಸಂಘಕ್ಕೆ ಬರುವವನಿದ್ದೇನೆ, ತರುತ್ತೇನೆ. ಯಕ್ಷಗಾನದ ವೇಷವನ್ನು ಇದರಲ್ಲಿ ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆದರೆ ಹಿಂದಿನ ದೀಪಗಳೆಲ್ಲ ಕಿರೀಟದ ಸುತ್ತ ಸುಳಿ ಸುತ್ತುತ್ತವೆ. ಕೋಥ್ರೂಡಿನವರು ಈಗ ಅದನ್ನು ಹಳೆಯ ಗಾಜಿನ ದೋಷ ಎನ್ನುತ್ತಾರೆ, ಗೊತ್ತಿದೆ. ಒಂದು ಮಾತು: ಎ6400ರ ಒಳಗೆ ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇಲ್ಲ, ಮತ್ತು ಅದರ ಸಣ್ಣ ಸೆನ್ಸರಿನಲ್ಲಿ 50 ಎಂಎಂ ಲೆನ್ಸಿನ ನೋಟ 75 ಎಂಎಂನಷ್ಟು ಕಿರಿದಾಗುವುದರಿಂದ, ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ 1/125 ಸೆಕೆಂಡಿಗಿಂತ ಕೆಳಗೆ ಇಳಿಯದಿರಲಿ. ಸ್ಪಷ್ಟವಾದ ಅಂಚುಗಳನ್ನು ಪರದೆಯಲ್ಲಿ ಗುರುತಿಸುವ ಫೋಕಸ್ ಪೀಕಿಂಗಿನ ಕೆಂಪು ಗೆರೆಯನ್ನು ಪೂರ್ತಿ ನಂಬದೆ, ಚಿತ್ರವನ್ನು ಹಿಗ್ಗಿಸಿ ನೋಡಿಯೇ ಒತ್ತಿ.

ಮಡಗಾಂವ್ ಮಳೆ:

ಹಳದಿಯ ಬಗ್ಗೆ ಯಾರೂ ಹೇಳಲಿಲ್ಲ. ಏಳು ಗಾಜುಗಳ ಆ ಟಕುಮಾರಿನ ಹಿಂಭಾಗದ ಗಾಜಿನಲ್ಲಿ ಥೋರಿಯಂ ಇದೆ. ಅದರ ವಿಕಿರಣದಿಂದ ಗಾಜು ತಾನಾಗಿಯೇ ವರ್ಷಾನುವರ್ಷ ಕಂದುತ್ತದೆ, ಕತ್ತಲಲ್ಲಿ ಇಟ್ಟಷ್ಟೂ ಬಣ್ಣ ಉಳಿಯುತ್ತದೆ. ಅತಿನೇರಳೆ ಬೆಳಕು ತಗುಲಿದರೆ ತಿಳಿಯಾಗುತ್ತದೆ. ನಾನು ಅಡಿಗೆ ಅಲ್ಯುಮಿನಿಯಂ ಹಾಳೆ ಹಾಸಿ, ಎರಡೂ ಮುಚ್ಚಳ ತೆಗೆದು, ಹಿಂಬದಿ ಮೇಲಾಗಿ ಕಿಟಕಿಯಲ್ಲಿ ಕೆಲವು ವಾರ ಇಟ್ಟು ಸರಿಪಡಿಸಿಕೊಂಡಿದ್ದೇನೆ. ಕೆಳಗೆ ಪರದೆ, ಕಾಗದ ಏನೂ ಇರಬಾರದು. ಲೆನ್ಸ್ ಬಿಸಿಲನ್ನು ಒಂದು ಕಡೆಗೆ ಕೂಡಿಸಿ ಸುಟ್ಟೀತು. ಚರ್ಮದ ಚೀಲವನ್ನು ನೆನಪಿಗೆ ಬೇರೆಡೆ ಇಟ್ಟುಕೊಳ್ಳಿ, ಲೆನ್ಸನ್ನು ಮಾತ್ರ ಅದರಲ್ಲಿ ಇಡಬೇಡಿ. ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಚರ್ಮ ತೇವ ಕುಡಿದು ಫಂಗಸ್ಸಿಗೆ ತೊಟ್ಟಿಲಾಗುತ್ತದೆ. ಬಿಗಿಯಾದ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಮಾಪಕ ಸಾಕು. ಶೇಕಡಾ 40ರಿಂದ 50ರ ನಡುವೆ ಇರಲಿ.

ಮಾಟುಂಗವಾಸಿ:

ಡೊಂಬಿವಲಿಯವರ ಹೀಲಿಯೋಸನ್ನು ಸಂಘದ ಬಾಗಿಲಲ್ಲಿಯೇ ಹಾಕಿ ನೋಡಿದೆವು. ಬಹು ದೂರದ ಕಟ್ಟಡವೊಂದರ ನೀರಿನ ಟ್ಯಾಂಕಿ ಸ್ಪಷ್ಟವಾಗಿ ಬಂದ ಮೇಲೂ ಉಂಗುರ ಇನ್ನಷ್ಟು ತಿರುಗಿತು. ಅಡಾಪ್ಟರ್ ನಿರಪರಾಧಿ. ರಿಪೇರಿಯವರನ್ನು ಕೇಳಿದರೆ, ಹಳೆಯ ಲೆನ್ಸುಗಳೆಲ್ಲ ಹೀಗೆಯೇ ಎಂದರು.

ಕೋಥ್ರೂಡ್ ಕನ್ನಡಿಗ:

ಹಾಗಾದರೆ ಅವರ ಬಳಿ ಮತ್ತೆ ಹೋಗಬೇಡಿ. ಮುಂಭಾಗದ ಹೆಸರಿನ ಉಂಗುರವನ್ನು ರಬ್ಬರಿನ ಬಿರಡೆ ಒತ್ತಿ ತಿರುಗಿಸಿ ತೆಗೆಯಿರಿ. ಅದರ ಒಳಗಿನ ಫಿಲ್ಟರ್ ಉಂಗುರವನ್ನೂ ತೆಗೆದರೆ, ಫೋಕಸ್ ಉಂಗುರವನ್ನು ಬಿಗಿದಿರುವ ಮೂರು ಸಣ್ಣ ಸ್ಕ್ರೂಗಳು ಕಾಣುತ್ತವೆ. ಅವನ್ನು ಗಡಿಯಾರದ ಸ್ಕ್ರೂಡ್ರೈವರಿನಿಂದ ಸಡಿಲಿಸಿದರೆ ಸಾಕು, ಪೂರ್ತಿ ಬಿಚ್ಚಬೇಡಿ. ಟ್ರೈಪಾಡಿನ ಮೇಲೆ, ಅಪರ್ಚರ್ 1.4ರಲ್ಲಿಯೇ ಇಟ್ಟು, ಉಂಗುರವನ್ನು ಅನಂತದ ಗುರುತಿಗೆ ಹಿಡಿದುಕೊಂಡು, ಆ ಟ್ಯಾಂಕಿ ಪರದೆಯಲ್ಲಿ ಸ್ಪಷ್ಟವಾಗುವವರೆಗೆ ಒಳಗಿನ ಕೊಳವೆಯೊಂದನ್ನೇ ತಿರುಗಿಸಿ, ಸ್ಕ್ರೂ ಬಿಗಿಯಿರಿ. ಸುಳಿಯ ವಿಷಯಕ್ಕೆ ಬಂದರೆ, ಹೌದು, ದೋಷವೇ.

ಮಾಟುಂಗವಾಸಿ:

ಮೂರನೆಯ ಸಲಕ್ಕೆ ಸರಿಯಾಯಿತು. ನಿನ್ನೆ ರಾತ್ರಿ ತಾರಸಿಯಿಂದ ತೆಗೆದ ಚಿತ್ರದಲ್ಲಿ ದೂರದ ದೀಪಗಳು ಸೂಜಿಮೊನೆಯಷ್ಟಿವೆ, ಹಳದಿಯಾಗಿ. ಕಿಟಕಿಯಲ್ಲಿ ಅಲ್ಯುಮಿನಿಯಂ ಹಾಳೆ ಹಾಸಿದ್ದೇನೆ. ತಂದೆಯವರು ದಿನಕ್ಕೆರಡು ಸಲ ಬಂದು ಲೆನ್ಸನ್ನು ಎತ್ತಿ ನೋಡಿ ಇಟ್ಟು ಹೋಗುತ್ತಾರೆ.