ಅತ್ತೆಯ ರಿಪೋರ್ಟಿನಲ್ಲಿ ‘ಡೆಸ್ಮೋಪ್ಲಾಸ್ಟಿಕ್ ಸ್ಟ್ರೋಮಾ’ ಅಂತಿದೆ, ಹಾಗಂದ್ರೇನು?

ಪ್ರಶ್ನೆ (ಡೊಂಬಿವಲಿ): ನಮಸ್ಕಾರ ಡಾಕ್ಟ್ರೇ. ನಮ್ಮತ್ತೆಗೆ 67 ವರ್ಷ. ಸ್ತನದ ಕ್ಯಾನ್ಸರ್ ಆಪರೇಶನ್ ಆಯ್ತು. ಗಂಟು ತುಂಬಾ ಗಟ್ಟಿ ಇತ್ತು. ರಿಪೋರ್ಟಿನಲ್ಲಿ ‘ಇಆರ್ ಪಾಸಿಟಿವ್’, ‘ಡೆಸ್ಮೋಪ್ಲಾಸ್ಟಿಕ್ ಸ್ಟ್ರೋಮಾ’ ಅಂತಿದೆ. ನೆಟ್ಟಲ್ಲಿ ಹುಡುಕಿದರೆ, ಮೈಯ ಒಳ್ಳೆ ಜೀವಕೋಶಗಳೇ ಕ್ಯಾನ್ಸರಿಗೆ ನೆರವಾಗುತ್ತವೆ ಅಂತ ಓದಿದೆ. ನಿಜವಾ? ಈಗ ದಿನಾ ಒಂದು ಲೆಟ್ರೊಜೋಲ್ ಮಾತ್ರೆ ಕೊಟ್ಟಿದ್ದಾರೆ.

ಉತ್ತರ (ಪೆಥಾಲಜಿಸ್ಟ್, ಮುಲುಂಡ್): ನಿಜ. ಆದರೆ ಆ ಪದ ನೋಡಿ ಗಾಬರಿಯಾಗಬೇಡಿ, ಸ್ತನದ ಗಡ್ಡೆಗಳಲ್ಲಿ ನಾವು ಅದನ್ನು ಪದೇ ಪದೇ ಬರೆಯುತ್ತೇವೆ. ಗಡ್ಡೆ ಅಂದರೆ ಬರೀ ಕ್ಯಾನ್ಸರ್ ಕೋಶಗಳಲ್ಲ. ಸುತ್ತ ನಾರು ಹೆಣೆಯುವ ಫೈಬ್ರೋಬ್ಲಾಸ್ಟ್ ಕೋಶ, ರಕ್ತನಾಳ, ಕೊಬ್ಬು, ರೋಗನಿರೋಧಕ ಕೋಶ ಎಲ್ಲ ಸೇರಿರುತ್ತವೆ. ಇದೇ ಸ್ಟ್ರೋಮಾ. ಕೈ ಕೊಯ್ದುಕೊಂಡಾಗ ಫೈಬ್ರೋಬ್ಲಾಸ್ಟ್‌ಗಳು ಎಚ್ಚೆತ್ತು ಕೊಲಾಜೆನ್ ನಾರು ಹೆಣೆದು ಗಾಯ ಮುಚ್ಚುತ್ತವೆ, ಆಮೇಲೆ ಸುಮ್ಮನಾಗುತ್ತವೆ. ಆದರೆ ಗಡ್ಡೆಯಲ್ಲಿ ಕ್ಯಾನ್ಸರ್ ಕೋಶಗಳು ಟಿಜಿಎಫ್-ಬೀಟಾ ಎಂಬ ಪ್ರೋಟೀನಿನಂಥ ಸಂಕೇತ ಬಿಡುತ್ತಲೇ ಇರುವುದರಿಂದ ಫೈಬ್ರೋಬ್ಲಾಸ್ಟ್‌ಗಳು ಸುಮ್ಮನಾಗುವುದೇ ಇಲ್ಲ. 1986ರಲ್ಲಿ ಹೆರಾಲ್ಡ್ ಡ್ವೋರಾಕ್ ಎಂಬ ಅಮೆರಿಕದ ಪೆಥಾಲಜಿಸ್ಟ್ ಗಡ್ಡೆಯನ್ನು ‘ವಾಸಿಯಾಗದ ಗಾಯ’ ಎಂದು ಕರೆದದ್ದು ಇದಕ್ಕೇ. ಹೀಗೆ ನಾರು ತುಂಬಿದ ಸ್ಟ್ರೋಮಾವನ್ನೇ ‘ಡೆಸ್ಮೋಪ್ಲಾಸ್ಟಿಕ್’ ಅನ್ನುತ್ತೇವೆ. ಕೈಗೆ ಸಿಕ್ಕ ಆ ಗಟ್ಟಿತನ ಬಹುಪಾಲು ಈ ನಾರಿನದು.

ಈ ಫೈಬ್ರೋಬ್ಲಾಸ್ಟ್‌ಗಳು ಗಡ್ಡೆಗೆ ಬೆಳವಣಿಗೆಯ ಪ್ರೋಟೀನು ಒದಗಿಸುತ್ತವೆ, ಹೊಸ ರಕ್ತನಾಳಗಳನ್ನು ಕರೆತರುತ್ತವೆ, ಕ್ಯಾನ್ಸರನ್ನು ಕೊಲ್ಲಬಲ್ಲ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ಒಳಗೆ ಬರದಂತೆ ತಡೆಯುತ್ತವೆ. ಅಲ್ಲಿಗೆ ಬಂದ ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳೂ ಎಷ್ಟೋ ಸಲ ಗಡ್ಡೆಯ ಪರವಾಗಿಬಿಡುತ್ತವೆ.

ಈಗ ಮಾತ್ರೆಯ ವಿಷಯ. ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಈಸ್ಟ್ರೋಜನ್ ಹಾರ್ಮೋನು ಹೆಚ್ಚುಕಡಿಮೆ ಬರುವುದಿಲ್ಲ. ಕೊಬ್ಬು, ಸ್ನಾಯು ಮತ್ತು ಸ್ತನದ ಫೈಬ್ರೋಬ್ಲಾಸ್ಟ್‌ನಂಥ ಈ ಪೋಷಕ ಕೋಶಗಳು ಅರೊಮಟೇಸ್ ಎಂಬ ಕಿಣ್ವದಿಂದ ಅದನ್ನು ತಯಾರಿಸುತ್ತವೆ. ಇಆರ್ ಪಾಸಿಟಿವ್ ಅಂದರೆ ಈಸ್ಟ್ರೋಜನ್ ಹಿಡಿಯುವ ಗ್ರಾಹಕಗಳಿರುವ ಕ್ಯಾನ್ಸರ್; ಅದು ಬೆಳೆಯುವುದು ಅದೇ ಈಸ್ಟ್ರೋಜನ್ನಿನಿಂದ. ಲೆಟ್ರೊಜೋಲ್ ಆ ಕಿಣ್ವವನ್ನು ತಡೆಯುತ್ತದೆ. ಸಣ್ಣ ಮಾತ್ರೆ ಅಂತ ದಯವಿಟ್ಟು ಉದಾಸೀನ ಮಾಡಬೇಡಿ.

ಇನ್ನೊಂದು: ಗಡ್ಡೆಯ ತುಣುಕಿರುವ ಗಾಜಿನ ಸ್ಲೈಡು, ಮೇಣದ ಬ್ಲಾಕು ಜೋಪಾನವಾಗಿಡಿ. ಪರೇಲಿನ ಟಾಟಾ ಆಸ್ಪತ್ರೆಗೆ ಎರಡನೇ ಅಭಿಪ್ರಾಯಕ್ಕೆ ಹೋದರೆ ರಿಪೋರ್ಟಿನ ಕಾಗದವೊಂದೇ ಸಾಲದು.

ಪ್ರಶ್ನೆ (ಠಾಣೆ): ಸರ್, ಹಾಗಾದರೆ ಆ ಫೈಬ್ರೋಬ್ಲಾಸ್ಟ್‌ಗಳನ್ನೇ ಕೊಂದುಬಿಟ್ಟರೆ?

ಉತ್ತರ: ಅದನ್ನೂ ಮಾಡಿ ನೋಡಿದ್ದಾರೆ. ಮೇದೋಜೀರಕದ ಕ್ಯಾನ್ಸರಿನಲ್ಲಿ ಈ ನಾರಿನ ಭಾಗವೇ ಹೆಚ್ಚು. 2014ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ಆ ಕೋಶಗಳನ್ನು ಕಡಿಮೆ ಮಾಡಿದಾಗ ಕ್ಯಾನ್ಸರ್ ಇನ್ನೂ ಉಗ್ರವಾಯಿತು, ಇಲಿಗಳು ಬೇಗ ಸತ್ತವು. ಅಂದರೆ ಅವುಗಳಲ್ಲಿ ಕೆಲವು ಗಡ್ಡೆಯನ್ನು ಹಿಡಿದಿಟ್ಟಿರುತ್ತವೆ. ಹಾಗಾಗಿ ಕೊಲ್ಲುವುದಕ್ಕಿಂತ ಅವುಗಳ ಕೆಟ್ಟ ಕೆಲಸವನ್ನಷ್ಟೇ ತಡೆಯುವ ದಾರಿ ಹುಡುಕುತ್ತಿದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ. ಆಪರೇಶನ್ನಿನ ಗಾಯ ಮಾಯಲು ಇದೇ ಜಾತಿಯ ಕೋಶಗಳು ಬೇಕಲ್ಲ.

ಪ್ರಶ್ನೆ (ಡೊಂಬಿವಲಿ): ಡಾಕ್ಟ್ರೇ, ಮಾತ್ರೆ ಶುರುವಾದ ಮೇಲೆ ಅತ್ತೆಗೆ ಮಂಡಿ, ಬೆರಳಿನ ಗಂಟು ನೋವು. ಸ್ಟೇಷನ್ ಬ್ರಿಡ್ಜ್ ಹತ್ತಲಾಗದು, ಮಾತ್ರೆಯೇ ಬೇಡ ಅಂತಿದ್ದಾರೆ.

ಉತ್ತರ: ಈ ಮಾತ್ರೆಯಲ್ಲಿ ಕೀಲು ನೋವು ಸಾಮಾನ್ಯ. ನೋವು ನಿಜವೇ, ಸುಳ್ಳು ಹೇಳುತ್ತಿಲ್ಲ ಅವರು. ಆದರೂ ತಾವಾಗಿ ನಿಲ್ಲಿಸಬಾರದು. ಸಾಮಾನ್ಯವಾಗಿ ಕನಿಷ್ಠ 5 ವರ್ಷ ತೆಗೆದುಕೊಳ್ಳಬೇಕಾಗುತ್ತದೆ. ಈ ವಾರವೇ ಆಂಕಾಲಜಿಸ್ಟರಿಗೆ ಹೇಳಿ. ಅದೇ ಕಿಣ್ವ ತಡೆಯುವ ಅನಾಸ್ಟ್ರೊಜೋಲ್ ಅಥವಾ ಎಕ್ಸೆಮೆಸ್ಟೇನ್ ಮಾತ್ರೆಗೆ ಬದಲಿಸಿದರೆ ಕೆಲವರಿಗೆ ಹಗುರಾಗುತ್ತದೆ, ನಿತ್ಯದ ನಡಿಗೆಯಿಂದಲೂ ನೋವು ತಗ್ಗುತ್ತದೆ. ಮೂಳೆ ಸವೆಯುವ ಸಂಭವ ಇರುವುದರಿಂದ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಿದೆಯೋ ಇಲ್ಲವೋ ಕೇಳಿ.