ಅಪ್‌ಡೇಟ್: ಮುನ್ನೂರೈದನ್ನು 3005 ಅಂತ ಬರೆಯುತ್ತಿದ್ದ ಮಕ್ಕಳು

ಮೂರನೇ ತರಗತಿ ಮಕ್ಕಳು ಮುನ್ನೂರೈದು ಅಂದರೆ 3005 ಅಂತ ಬರೆಯುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಕಡ್ಡಿ ಕಟ್ಟು ಮಾಡಿಸಿದೆ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಅಂಥ ಹತ್ತು ಕಟ್ಟು ಸೇರಿದರೆ ನೂರು. ಎಣಿಸೋದು ಚೆನ್ನಾಗಿ ಬಂತು. ಬರೆಯುವಾಗ ಮಾತ್ರ ಮತ್ತೆ ಅದೇ 3005.

ನಿಜವಾಗಿ ಕೈ ಹಿಡಿದದ್ದು ನಿಮ್ಮಲ್ಲೊಬ್ಬರು ಹೇಳಿದ ಕಾರ್ಡ್. ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದೆ. 300 ಅಂತ ಬರೆದ ಕಾರ್ಡ್ ಮೂರು ಮನೆ ಉದ್ದ (ಒಂದು ಅಂಕಿಗೆ ಒಂದು ಮನೆ), 40ರದು ಎರಡು, 5ರದು ಒಂದೇ. ಬಲಗಡೆ ಅಂಚು ಸರಿಯಾಗಿ ಸೇರಿಸಿ 300ರ ಮೇಲೆ 5 ಇಟ್ಟರೆ ಕೊನೆಯ ಸೊನ್ನೆ ಮುಚ್ಚಿಹೋಗಿ 305 ಕಾಣುತ್ತದೆ. ಒಬ್ಬ ಹುಡುಗಿ ಕಾರ್ಡ್ ಎತ್ತಿ ಎತ್ತಿ ನೋಡಿ, "ಮಿಸ್, ಸೊನ್ನೆ ಕೆಳಗಡೆನೇ ಇದೆ!" ಅಂದಳು. ನಡುವೆ ಸೊನ್ನೆ ಯಾಕೆ ಅಂತ ಕೇಳಿದರೆ, "ಹತ್ತರ ಕಟ್ಟು ಒಂದೂ ಇಲ್ವಲ್ಲ" ಅಂತ ಈಗ ಅವರೇ ಹೇಳುತ್ತಾರೆ. ಕಡ್ಡಿಗಳೂ ಸುಮ್ನೆ ಹೋಗಲಿಲ್ಲ, ಅಲ್ವಾ?

ಸಾವಿರದ ಇಪ್ಪತ್ತು ಅಂದರೆ ಇನ್ನೂ ಕೆಲವರು 100020 ಬರೆಯುತ್ತಾರೆ. ಅದಕ್ಕೆ ನಾಲ್ಕು ಮನೆಯ ಕಾರ್ಡ್ ತಯಾರಾಗುತ್ತಿದೆ. ಕಾರ್ಡ್ ಇಲ್ಲದೆ ಬರೆಸೋದನ್ನು ಯಾವಾಗ ಶುರು ಮಾಡಿದರೆ ಒಳ್ಳೆಯದು? ಮಾಡಿ ನೋಡಿದವರು ದಯವಿಟ್ಟು ಹೇಳಿ.