ಹಳದಿ ಲೇಬಲ್ಲಿನ ಸ್ಟಾರ್‌ಡೇ ಪ್ಲೇಟು: ಇದು ಯಾವ ಕಂಪನಿ?

ಹ್ಯೂಸ್ಟನ್_ಸೀನ:
ಪಕ್ಕದ ಬೀದಿಯ ಗರಾಜ್ ಸೇಲ್‌ನಲ್ಲಿ ಎರಡು ಡಾಲರಿಗೆ ಒಂದು ಎಲ್‌ಪಿ ತಂದೆ. ಹಾಡಿರೋದು ಕೌಬಾಯ್ ಕೋಪಾಸ್, ಅಮೆರಿಕದ ಕಂಟ್ರಿ ಹಾಡುಗಾರ. ರೆಕಾರ್ಡ್ ಕಂಪನಿ ಅಂದ್ರೆ ಆರ್‌ಸಿಎ, ಕೊಲಂಬಿಯಾ ಗೊತ್ತು, ಈ ಸ್ಟಾರ್‌ಡೇ ಯಾವುದು? ಹೆಂಡತಿ ‘ಮನೆಗೆ ಇನ್ನೊಂದು ಕಸ ಬಂತು’ ಅಂತಿದ್ದಾಳೆ. ಬಲ್ಲವರು ಹೇಳಿ, ಮಾನ ಉಳಿಸಿ.

ಮುಳ್ಳುಪೆಟ್ಟಿಗೆ:
ಸೀನ, ಅದು ಕಸ ಅಲ್ಲ ಮಾರಾಯ. ಹೆಸರಿನಲ್ಲಿ ನಕ್ಷತ್ರವೂ ಇಲ್ಲ, ದಿನವೂ ಇಲ್ಲ. ಕಂಪನಿ ಕಟ್ಟಿದ ಜ್ಯಾಕ್ ಸ್ಟಾರ್ನ್ಸ್, ಪ್ಯಾಪಿ ಡೈಲಿ ಇಬ್ಬರ ಹೆಸರೂ ಕತ್ತರಿಸಿ ಅಂಟಿಸಿದ್ದು. 1952ರಲ್ಲಿ ಟೆಕ್ಸಸ್‌ನ ಬ್ಯೂಮಾಂಟ್‌ನಲ್ಲಿ ಶುರು. ಮರುವರ್ಷ ಡಾನ್ ಪಿಯರ್ಸ್ ಪಾಲುದಾರನಾಗಿ ಸೇರಿಕೊಂಡ.

ಸ್ಟುಡಿಯೊ ಅಂದ್ರೆ ಸ್ಟಾರ್ನ್ಸ್ ಮನೆಯೇ. ಗೋಡೆಗೆ ಮೊಟ್ಟೆ ಟ್ರೇ ಬಡಿದಿದ್ರು. ಹೊರಗೆ ಲಾರಿ ಹೋದರೆ ಹಾಡು ಮತ್ತೆ ಮೊದಲಿಂದ! 1954ರಲ್ಲಿ ಕಂಟ್ರಿ ಹಾಡುಗಾರ ಜಾರ್ಜ್ ಜೋನ್ಸ್ ತನ್ನ ಮೊದಲ ರೆಕಾರ್ಡು ಮಾಡಿದ್ದು ಅಲ್ಲೇ. ಮರುವರ್ಷ ನಿಮ್ಮ ಹ್ಯೂಸ್ಟನ್ನಿನ ಗೋಲ್ಡ್ ಸ್ಟಾರ್ ಸ್ಟುಡಿಯೊದಲ್ಲಿ ಅವನ ‘ವೈ ಬೇಬಿ ವೈ’ ಹಾಡು. ಜೊತೆಗೆ ಹಾಡಬೇಕಿದ್ದ ಸನ್ನಿ ಬರ್ನ್ಸ್ ಕೈಕೊಟ್ಟ. ಜೋನ್ಸ್ ತನ್ನ ದನಿಯ ಮೇಲೇ ಇನ್ನೊಂದು ದನಿ ಕೂರಿಸಿ ಎರಡೂ ಪಾಲು ಹಾಡಿಬಿಟ್ಟ. ಹಾಡು ಕಂಟ್ರಿ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಯ್ತು. ಅದನ್ನೇ ಕದ್ದಂತೆ ಹಾಡಿದ ರೆಡ್ ಸೊವೈನ್, ವೆಬ್ ಪಿಯರ್ಸ್ ಒಂದನೇ ಸ್ಥಾನ ಹೊಡ್ಕೊಂಡ್ರು. ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಮರ್ಕ್ಯುರಿ ಅನ್ನೋ ದೊಡ್ಡ ರೆಕಾರ್ಡ್ ಕಂಪನಿ ಜೊತೆ ಸ್ಟಾರ್‌ಡೇ ಕೂಡಿಕೆ. ಅದು 1958ಕ್ಕೇ ಮುರಿಯಿತು. ಡೈಲಿ, ಜೋನ್ಸ್ ಮರ್ಕ್ಯುರಿ ಕಡೆಗೆ. ಸ್ಟಾರ್‌ಡೇ ಹೆಸರು ಡಾನ್ ಪಿಯರ್ಸ್ ಪಾಲಿಗೆ. ನ್ಯಾಶ್‌ವಿಲ್ ಹತ್ತಿರದ ಮ್ಯಾಡಿಸನ್‌ನಲ್ಲಿ ಕೂತು ಅವನು, ದೊಡ್ಡ ಕಂಪನಿಗಳು ಕೈಬಿಟ್ಟ ಹಳಬರನ್ನೆಲ್ಲ ಹಿಡಿದು ಹಾಡಿಸಿದ. ನಿಮ್ಮ ಕೋಪಾಸ್ ಅಂಥವನೇ. ನಲವತ್ತರ ದಶಕದಲ್ಲಿ ಮೆರೆದು ಮೂಲೆಗೆ ಬಿದ್ದಿದ್ದ. 1960ರಲ್ಲಿ ಅವನ ‘ಅಲಬಾಮ್’ ಹಾಡು ಹನ್ನೆರಡು ವಾರ ಒಂದನೇ ಸ್ಥಾನದಲ್ಲಿ! ಮೂರೇ ವರ್ಷಕ್ಕೆ, ಹಾಡುಗಾರ್ತಿ ಪ್ಯಾಟ್ಸಿ ಕ್ಲೈನ್ ಸತ್ತ ಅದೇ ವಿಮಾನ ಅಪಘಾತದಲ್ಲಿ ಹೋದ.

ಸೋಲ್_ಸುಬ್ಬು:
ನನ್ನ ಸೋಲ್ ಹಾಡುಗಾರ ಜೇಮ್ಸ್ ಬ್ರೌನ್ ಪ್ಲೇಟಿನ ಮೇಲೆ ‘ಸ್ಟಾರ್‌ಡೇ-ಕಿಂಗ್’ ಅಂತಿದೆಯಲ್ಲ ಅಣ್ಣ, ಅದೂ ಇದೇನಾ?

ಮುಳ್ಳುಪೆಟ್ಟಿಗೆ:
ಇದೇ. 1968ರಲ್ಲಿ ಕಿಂಗ್ ರೆಕಾರ್ಡ್ ಕಂಪನಿಯ ಒಡೆಯ ಸಿಡ್ ನೇಥನ್ ತೀರಿಕೊಂಡ ಮೇಲೆ ಎರಡೂ ಕಂಪನಿ ಒಂದಾದವು.

ಹ್ಯೂಸ್ಟನ್_ಸೀನ:
ಬ್ಯೂಮಾಂಟ್ ನಮ್ಮನೆಯಿಂದ ಒಂದೂವರೆ ಗಂಟೆ ದಾರಿ, ಎಷ್ಟು ಸಲ ಹೋಗಿಲ್ಲ! ಅಂದಹಾಗೆ ಮೊದಲ ಹಾಡಲ್ಲಿ ಚಟಚಟ ಅಂತಿದೆ. ಗೀರಾ, ಧೂಳಾ?

ಮುಳ್ಳುಪೆಟ್ಟಿಗೆ:
ಮೊದಲು ಒರೆಸಿ ನೋಡಿ. ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆ. ಗೆರೆ ಹೋದ ಹಾಗೇ ಸುತ್ತ ಒರೆಸಿ, ಅಡ್ಡಡ್ಡ ಬೇಡ. ಲೇಬಲ್ ನೆನೆಸಬೇಡಿ.